ದೇಶ ಆಮೇಲೆ, ಕಾಗದಪತ್ರ ಮೊದಲು: ಉತ್ತರ ಕನ್ನಡದಿಂದ ಕೆಲಸದ ವೀಸಾಕ್ಕೆ ಹೊರಡುವವರಿಗೆ

ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಮುಗಿಸಿ ಶಿರಸಿಯ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕಿರುವ ಹುಡುಗಿ, ಕೈಗಾದಲ್ಲಿ ಗುತ್ತಿಗೆದಾರರ ಕೆಳಗೆ ಆರೇಳು ವರ್ಷ ದುಡಿದ ಫಿಟ್ಟರ್, ಕುಮಟಾದಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್‌ನಲ್ಲಿ ನೆಲೆಯಾದ ಎಂಜಿನಿಯರ್. ಮೂವರೂ ಮೊದಲು ಕೇಳುವುದು ‘ಯಾವ ದೇಶಕ್ಕೆ ಹೋದರೆ ಒಳ್ಳೆಯದು?’ ಎಂದು. ಕೇಳಬೇಕಾದದ್ದು ಬೇರೆ: ನನ್ನ ಕೈಲಿರುವ ಸರ್ಟಿಫಿಕೇಟನ್ನು, ನಾನು ಮಾಡಿದ ಕೆಲಸವನ್ನು ಯಾವ ದೇಶ ಒಪ್ಪುತ್ತದೆ? ಎರಡು ವರ್ಷದ ಐಟಿಐ ಮಾಡಿದ ಫಿಟ್ಟರ್‌ಗೆ ಜರ್ಮನಿಯಲ್ಲಿ ದಾರಿಯಿದೆ, ಒಂದು ವರ್ಷದ ವೆಲ್ಡರ್ ಟ್ರೇಡ್ ಮಾಡಿದವನಿಗೆ ಅದೇ ದಾರಿ ಇಲ್ಲ. ಹೀಗೆ ವೃತ್ತಿಯೇ ದೇಶವನ್ನು ಆರಿಸುತ್ತದೆ. ಆದರೆ ಯಾವ ದೇಶವಾದರೂ ಮೊದಲ ನಾಲ್ಕಾರು ತಿಂಗಳ ಕೆಲಸ ಊರಲ್ಲೇ ಇದೆ, ಅದೂ ಮನೆಯ ಕಪಾಟಿನಲ್ಲಿರುವ ಕಾಗದಗಳಲ್ಲಿ.

ಕೆಳಗೆ ಕೊಟ್ಟ ಮೊತ್ತಗಳಲ್ಲಿ ಹಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಹೆಸರು ಒಂದೇ ಇರಲಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ, ಡಿಪ್ಲೊಮಾ ಅಥವಾ ಪದವಿ, ಕೌನ್ಸಿಲ್ ನೋಂದಣಿ, ಆಧಾರ್, ಪಾಸ್‌ಪೋರ್ಟ್ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಇಂಗ್ಲಿಷ್ ಸ್ಪೆಲ್ಲಿಂಗನ್ನು ಅಕ್ಷರ ಅಕ್ಷರವಾಗಿ ಓದಿ. ನಮ್ಮ ಕಡೆಯ ಹೆಸರುಗಳು ಇಲ್ಲೇ ಎಡವುತ್ತವೆ. ಹೆಗಡೆಗೆ ಒಂದು ಕಡೆ ‘ಎ’ ಹೆಚ್ಚು, ಗಣಪತಿಗೆ ಇನ್ನೊಂದು ಕಡೆ ‘ಎಚ್’ ಹೆಚ್ಚು. ಒಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ಪಾಸ್‌ಪೋರ್ಟ್‌ನಲ್ಲಿ ‘ಸರ್‌ನೇಮ್’ ಖಾಲಿ, ಪೂರ್ತಿ ಹೆಸರು ‘ಗಿವನ್ ನೇಮ್’ ಸಾಲಿನಲ್ಲಿ. ಊರಿನ ಬ್ಯಾಂಕಿನಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ನಮ್ಮ ಹೆಸರಿಡುವ ಕ್ರಮ ಗೊತ್ತಿಲ್ಲದ ಅಧಿಕಾರಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ತಿದ್ದುವ ಕ್ರಮ ಇದು. ಹೆಚ್ಚಿನ ಶೈಕ್ಷಣಿಕ ದಾಖಲೆಗಳಲ್ಲಿ ಯಾವ ರೂಪ ಇದೆಯೋ ಅದಕ್ಕೆ ಪಾಸ್‌ಪೋರ್ಟನ್ನು ಹೊಂದಿಸಿ. ಹತ್ತು ಅಂಕಪಟ್ಟಿ ತಿದ್ದಿಸುವುದಕ್ಕಿಂತ ಒಂದು ಪಾಸ್‌ಪೋರ್ಟ್ ತಿದ್ದಿಸುವುದು ಸುಲಭ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ‘ರೀ-ಇಶ್ಯೂ’ ಆರಿಸಿ, ಸರ್‌ನೇಮ್ ಮತ್ತು ಗಿವನ್ ನೇಮ್ ಬೇರ್ಪಡಿಸಿ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಇದು ನಿಧಾನ, ಅದಕ್ಕೇ ಮೊದಲ ದಿನವೇ ಶುರುಮಾಡಿ. ಸಣ್ಣ ವ್ಯತ್ಯಾಸ ಉಳಿದರೆ ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ ಜೊತೆಗಿರಲಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಡಿಗ್ರಿ ತವರಿನ ಹೆಸರಲ್ಲಿ, ಪಾಸ್‌ಪೋರ್ಟ್ ಗಂಡನ ಮನೆಯ ಹೆಸರಲ್ಲಿ ಇದ್ದರೆ ನಡುವೆ ಸೇತುವೆಯಾಗುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ ಮಾತ್ರ. ಲಗ್ನಪತ್ರಿಕೆ, ದೇವಸ್ಥಾನದ ರಸೀದಿ, ಕಲ್ಯಾಣಮಂಟಪದ ಫೋಟೋ ಯಾವುದೂ ನಡೆಯುವುದಿಲ್ಲ. ನೋಂದಣಿ ಆಗಿಲ್ಲದಿದ್ದರೆ ಈಗಲೂ ಮಾಡಿಸಬಹುದು.

ಏಕನಾಮದ (ಸರ್‌ನೇಮ್, ಗಿವನ್ ನೇಮ್ ಎರಡರಲ್ಲಿ ಒಂದೇ ತುಂಬಿದ) ಪಾಸ್‌ಪೋರ್ಟ್ ಇದ್ದವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. 2022ರ ನವೆಂಬರ್‌ನಿಂದ ಯುಎಇ ಅಂಥವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಬಿಗಿ ಮಾಡಿದೆ.

ಅನುಭವ ಪತ್ರ: ಇಡೀ ಅರ್ಜಿ ನಿಲ್ಲುವುದು ಇದರ ಮೇಲೆ

‘ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಇವರ ನಡತೆ ಒಳ್ಳೆಯದು’ ಎಂಬ ಎರಡು ಸಾಲಿನ ಪತ್ರ ವೀಸಾಕ್ಕೆ ಉಪಯೋಗವಿಲ್ಲ. ಪತ್ರದಲ್ಲಿ ಇಷ್ಟು ಇರಲೇಬೇಕು: ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ ಕೆಲಸ, ಸಂಬಳ, ನಿಜವಾಗಿ ಮಾಡುತ್ತಿದ್ದ ಕೆಲಸಗಳ ಐದಾರು ಸಾಲು, ಸಹಿ ಹಾಕಿದವರ ಹೆಸರು, ಹುದ್ದೆ, ಫೋನ್, ಇಮೇಲ್. ಕೆನಡಾದ ಅಧಿಕಾರಿಗಳು ಈ ಪಟ್ಟಿಯಲ್ಲಿ ಒಂದು ಕಡಿಮೆಯಾದರೂ ಆ ಅನುಭವವನ್ನೇ ಲೆಕ್ಕದಿಂದ ತೆಗೆಯಬಹುದು.

ಗಲ್ಫ್‌ಗೆ ಹೋಗುವ ನರ್ಸ್‌ಗಳಿಗೆ ಆ ಇಮೇಲ್ ಸಾಲು ಇನ್ನೂ ಮುಖ್ಯ. ಅಲ್ಲಿಯ ಆರೋಗ್ಯ ಇಲಾಖೆಗಳು ‘ಡೇಟಾಫ್ಲೋ’ ಎಂಬ ದಾಖಲೆ ಪರಿಶೀಲನಾ ಸಂಸ್ಥೆಯ ಮೂಲಕ ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ಕೇಳುತ್ತವೆ. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಇಂಗ್ಲಿಷ್ ಇಮೇಲ್ ಬಂದರೆ ಯಾರೂ ತೆರೆದು ನೋಡದೆ ಬಿಡುವುದುಂಟು. ಉತ್ತರ ಹೋಗದಿದ್ದರೆ ನೀವು ಪ್ರಾಮಾಣಿಕವಾಗಿ ದುಡಿದ ಮೂರು ವರ್ಷವೂ ದೃಢಪಡದೆ ಉಳಿಯುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಡಾಕ್ಟರ್‌ಗೆ, ಆಫೀಸಿನವರಿಗೆ ತಿಳಿಸಿ. ಲೆಟರ್‌ಹೆಡ್ಡಿನ ಇಮೇಲ್ ಚಾಲ್ತಿಯಲ್ಲಿದೆಯೇ ಎಂದು ನೀವೇ ಒಂದು ಮೇಲ್ ಕಳಿಸಿ ನೋಡಿ.

ಸಂಬಳ ಕೈಗೆ ನಗದಾಗಿ ಬರುತ್ತಿದ್ದರೆ ಇವತ್ತೇ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಸ್ಯಾಲರಿ ಸ್ಲಿಪ್, ಪಿಎಫ್ ಪಾಸ್‌ಬುಕ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಲ್ಲಿ ಕನಿಷ್ಠ ಎರಡು ಪತ್ರದ ಮಾತಿಗೆ ತಾಳೆಯಾಗಬೇಕು.

ಕೈಗಾ ಅಥವಾ ಕಾರವಾರದ ನೌಕಾನೆಲೆಯ ಕಾಮಗಾರಿಗಳಲ್ಲಿ ದುಡಿದವರಿಗೆ ಬೇರೊಂದು ತೊಡಕಿದೆ. ಗೇಟ್‌ಪಾಸ್ ಮೇಲೆ ಸ್ಥಾವರದ ಹೆಸರಿರುತ್ತದೆ, ಸಂಬಳ ಕೊಟ್ಟದ್ದು ಗುತ್ತಿಗೆದಾರ. ಅನುಭವ ಪತ್ರ ಸಂಬಳ ಕೊಟ್ಟವರಿಂದಲೇ ಬರಬೇಕು. ಎರಡು ಮೂರು ಗುತ್ತಿಗೆ ಬದಲಾಗಿದ್ದರೆ ಪ್ರತಿಯೊಬ್ಬರಿಂದಲೂ ಬೇರೆ ಪತ್ರ ಬೇಕು. ಗುತ್ತಿಗೆ ಮುಗಿದು ಅವರು ಬೇರೆ ರಾಜ್ಯಕ್ಕೆ ಹೋದ ಮೇಲೆ ಹುಡುಕುವುದು ಕಷ್ಟ. ಕೆಲಸದ ವಿವರದಲ್ಲಿ ‘ಪೈಪ್ ಅಲೈನ್‌ಮೆಂಟ್, ಫ್ಲೇಂಜ್ ಜೋಡಣೆ, ಐಸೊಮೆಟ್ರಿಕ್ ಡ್ರಾಯಿಂಗ್ ಓದುವುದು’ ಎಂದು ಕೌಶಲವನ್ನು ಬರೆಸಿ. ಯಾವ ಕಟ್ಟಡ, ಯಾವ ಹಡಗು, ಯಾವ ವ್ಯವಸ್ಥೆ ಎಂಬುದನ್ನು ಬರೆಸಬೇಡಿ. ಅದು ಸುರಕ್ಷತೆಯ ವಿಷಯ, ವೀಸಾ ಅಧಿಕಾರಿಗೆ ಅದರ ಅಗತ್ಯವೂ ಇಲ್ಲ.

ಅಪೋಸ್ಟಿಲ್ ಯಾರಿಗೆ, ಅಟೆಸ್ಟೇಶನ್ ಯಾರಿಗೆ

ಬ್ರಿಟನ್, ಆಸ್ಟ್ರೇಲಿಯಾದ ಹಾಗೆ ಸೌದಿ ಅರೇಬಿಯಾ, ಒಮಾನ್, ಬಹ್ರೇನ್ ಕೂಡ ದಾಖಲೆಗಳನ್ನು ಪರಸ್ಪರ ಒಪ್ಪುವ ಹೇಗ್ ಒಪ್ಪಂದದಲ್ಲಿವೆ. ಈ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ದಾಖಲೆ ಅಸಲಿ ಎಂಬ ಮುದ್ರೆ) ಸಾಕು. ಯುಎಇ, ಕತಾರ್, ಕುವೈತ್ ಆ ಒಪ್ಪಂದದಲ್ಲಿಲ್ಲ. ಅಲ್ಲಿಗೆ ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ, ನಂತರ ಆ ದೇಶದ ರಾಯಭಾರ ಕಚೇರಿ, ಹೀಗೆ ಮೆಟ್ಟಿಲು ಹತ್ತಬೇಕು. ಮೂಲ ಸರ್ಟಿಫಿಕೇಟ್ ಹಲವು ಕೈ ದಾಟುತ್ತದೆ, ಆದ್ದರಿಂದ ಕಳಿಸುವ ಮೊದಲು ಎರಡೂ ಬದಿಯ ಬಣ್ಣದ ಸ್ಕ್ಯಾನ್ ಇಟ್ಟುಕೊಳ್ಳಿ. ಲ್ಯಾಮಿನೇಟ್ ಮಾಡಿಸಿದ ಅಂಕಪಟ್ಟಿಯ ಮೇಲೆ ಮುದ್ರೆ ಕೂರುವುದಿಲ್ಲ. ಹಾಗಿದ್ದರೆ ಪ್ಲಾಸ್ಟಿಕ್ ಕೀಳಲು ಹೋಗಬೇಡಿ, ಮಂಡಳಿ ಅಥವಾ ವಿಶ್ವವಿದ್ಯಾಲಯದಿಂದ ನಕಲು ಪ್ರತಿ ತೆಗೆಸಿ.

ನರ್ಸ್‌ಗಳಿಗೆ: ಜರ್ಮನಿಯ ದಾರಿ

ಈ ದಾರಿಯ ಅಳತೆಗೋಲು ಭಾಷೆ. ಪೂರ್ಣ ನರ್ಸ್ ಆಗಿ ನೋಂದಣಿಯಾಗಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಬೇಕು. ಭಾಷೆಯ ಮಟ್ಟವನ್ನು ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1, ಬಿ2 ಎಂದು ಅಳೆಯುತ್ತಾರೆ. ರಜೆ ಹಾಕಿ ದಿನವಿಡೀ ಓದಿದರೆ ಹತ್ತು ತಿಂಗಳು, ಡ್ಯೂಟಿ ಮಾಡುತ್ತ ಓದಿದರೆ ಒಂದೂವರೆ ವರ್ಷ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಿ. ‘ಮೂರು ತಿಂಗಳಲ್ಲಿ ಬಿ2’ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ. ಕನ್ನಡ, ಕೊಂಕಣಿ ಆಡುವವರಿಗೆ ಒಂದು ಅನುಕೂಲವಿದೆ: ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ವಾಕ್ಯದ ಹಾಗೆಯೇ. ಇಂಗ್ಲಿಷ್ ಮೂಲಕ ಅನುವಾದಿಸಿಕೊಳ್ಳದೆ ಕನ್ನಡದಿಂದ ನೇರ ಯೋಚಿಸಿದರೆ ಅದು ಬೇಗ ಹಿಡಿತಕ್ಕೆ ಸಿಗುತ್ತದೆ. ಗೋಥೆ, ಟೆಲ್ಕ್, ಓಎಸ್‌ಡಿ ಪರೀಕ್ಷೆಗಳಿಗೆ ಮಾನ್ಯತೆಯಿದೆ. ಗೋಥೆ ಇನ್ಸ್ಟಿಟ್ಯೂಟ್‌ನ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನಲ್ಲಿದೆ.

ಭಾಷೆ ಬಿ1 ದಾಟುವಾಗಲೇ ಮಾನ್ಯತೆಯ ಕಾಗದ ಸಿದ್ಧವಾಗಬೇಕು. ಜರ್ಮನಿಯ ನರ್ಸಿಂಗ್ ತರಬೇತಿ 4,600 ಗಂಟೆಯದು, ಅದರಲ್ಲಿ 2,100 ತರಗತಿ, 2,500 ವಾರ್ಡ್. ಅಲ್ಲಿಯ ರಾಜ್ಯದ ಪ್ರಾಧಿಕಾರ ನಿಮ್ಮ ಕೋರ್ಸನ್ನು ಇದರ ಪಕ್ಕ ಇಟ್ಟು ತೂಗುತ್ತದೆ. ಹಾಗಾಗಿ ಬರಿಯ ಅಂಕಪಟ್ಟಿ ಸಾಲದು. ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್ ಎಂದು ಬಿಡಿಸಿ ತೋರಿಸುವ ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದ ಬೇಕು. ಮಕ್ಕಳ ವಾರ್ಡ್, ಹೆರಿಗೆ ವಾರ್ಡ್, ಮಾನಸಿಕ ಆರೋಗ್ಯದ ಪೋಸ್ಟಿಂಗ್ ಗಂಟೆಗಳು ಬಿಟ್ಟುಹೋಗುವುದು ಸಾಮಾನ್ಯ ತಪ್ಪು. ಮಾಡಿದ ಪೋಸ್ಟಿಂಗ್ ಕಾಗದದಲ್ಲಿ ಇಲ್ಲದಿದ್ದರೆ ಮಾಡಿಲ್ಲವೆಂದೇ ಅರ್ಥ. ಇದರ ಜೊತೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ, ಪ್ರಮಾಣಿತ ಅನುವಾದಕರಿಂದ ಜರ್ಮನ್ ಅನುವಾದ.

ಪೂರ್ಣ ಮಾನ್ಯತೆ ಬರದೆ ‘ಕೊರತೆಯ ಪತ್ರ’ ಬರುವುದೇ ಹೆಚ್ಚು. ಅದನ್ನು ನೋಡಿ ಹೆದರಬೇಡಿ, ಅದು ನಿರಾಕರಣೆಯಲ್ಲ. ಆ ಪತ್ರದ ಮೇಲೆ ಮಾನ್ಯತೆ ಪೂರ್ಣಗೊಳಿಸುವ ವೀಸಾ ಸಿಗುತ್ತದೆ. ಅಲ್ಲಿ ಹೋಗಿ ಸಹಾಯಕ ನರ್ಸ್ ಆಗಿ ಕೆಲಸ ಮಾಡುತ್ತ, ಜ್ಞಾನ ಪರೀಕ್ಷೆ ಬರೆದೋ ಹೊಂದಾಣಿಕೆ ತರಬೇತಿ ಮುಗಿಸಿಯೋ ಪೂರ್ಣ ನರ್ಸ್ ಆಗುತ್ತೀರಿ. ಈ ನಡುವಿನ ತಿಂಗಳುಗಳಲ್ಲಿ ಸಂಬಳ ಕಡಿಮೆ. ಊರಿಗೆ ಹಣ ಕಳಿಸುವ ಮಾತು ಕೊಡುವಾಗ ಇದನ್ನು ನೆನಪಿಡಿ.

ಏಜೆನ್ಸಿ ಮೂಲಕ ಹೋಗುವುದಾದರೆ ಜರ್ಮನ್ ಸರ್ಕಾರ ನರ್ಸ್ ನೇಮಕಾತಿಗೆ ಕೊಡುವ ‘ನ್ಯಾಯಯುತ ನೇಮಕಾತಿ’ ಗುಣಮುದ್ರೆ ಇರುವವರನ್ನೇ ಹಿಡಿಯಿರಿ. ಅದರ ನಿಯಮದ ಪ್ರಕಾರ ನೇಮಕಾತಿಯ ಖರ್ಚು ಆಸ್ಪತ್ರೆಯದು, ನಿಮ್ಮದಲ್ಲ. ಒಪ್ಪಂದದಲ್ಲಿ ‘ಎರಡು ವರ್ಷದೊಳಗೆ ಬಿಟ್ಟರೆ ಇಷ್ಟು ಯೂರೋ ವಾಪಸ್’ ಎಂಬ ಸಾಲಿದ್ದರೆ ಮೊತ್ತವನ್ನು ಓದಿಯೇ ಸಹಿ ಹಾಕಿ.

ಬ್ರಿಟನ್‌ಗೆ ಹೋಗುವ ನರ್ಸ್‌ಗಳು ಅಲ್ಲಿಯ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆ ಇಲ್ಲಿ, ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಅಲ್ಲಿ ಬರೆಯಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7, ರೈಟಿಂಗ್‌ಗೆ ಮಾತ್ರ 6.5 ಸಾಕು. ‘ಕೇರ್ ವರ್ಕರ್’ ವೀಸಾ ಕೊಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವಿದೇಶದಿಂದ ಆ ಹುದ್ದೆಗೆ ನೇಮಿಸಿಕೊಳ್ಳುವ ದಾರಿಯನ್ನು ಬ್ರಿಟನ್ 2025ರ ಜುಲೈ 22ರಂದು ಮುಚ್ಚಿದೆ.

ಐಟಿಐ ಓದಿದವರಿಗೆ

ಜರ್ಮನಿಯ ‘ಆಪರ್ಚುನಿಟಿ ಕಾರ್ಡ್’ 2024ರ ಜೂನ್ 1ರಿಂದ ಜಾರಿಯಲ್ಲಿದೆ. ಕೈಲಿ ಕೆಲಸವಿಲ್ಲದೆ ಹೋಗಿ ಒಂದು ವರ್ಷದವರೆಗೆ ಅಲ್ಲೇ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಅರ್ಹತೆಗೆ ಇಲ್ಲಿಯ ಸರ್ಕಾರ ಮಾನ್ಯ ಮಾಡಿದ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಅಥವಾ ಪದವಿ ಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದವು, ಸಲ್ಲುತ್ತವೆ. ವೆಲ್ಡರ್ ಒಂದೇ ವರ್ಷದ್ದು, ಒಂದರಿಂದಲೇ ಸಲ್ಲುವುದಿಲ್ಲ. ಜೊತೆಗೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಬೇಕು. ಇಷ್ಟಾದ ಮೇಲೆ 6 ಅಂಕ ಕೂಡಬೇಕು.

ಅಂಕೋಲೆಯ 30 ವರ್ಷದ ಫಿಟ್ಟರ್ ಒಬ್ಬನ ಲೆಕ್ಕ ನೋಡಿ. 35 ದಾಟಿಲ್ಲ, 2 ಅಂಕ. ಕಳೆದ ಏಳು ವರ್ಷದಲ್ಲಿ ಐದು ವರ್ಷ ಅದೇ ಕೆಲಸ, 3 ಅಂಕ. ಎ2 ಜರ್ಮನ್, 1 ಅಂಕ. ಒಟ್ಟು 6, ಗಡಿಗೆ ಸರಿಯಾಗಿ. ಇದರಲ್ಲಿ ಗುತ್ತಿಗೆದಾರನ ಒಂದು ಪತ್ರ ಸಿಗದೆ ಅನುಭವ ನಾಲ್ಕು ವರ್ಷಕ್ಕೆ ಇಳಿದರೆ 3ರ ಬದಲು 2 ಅಂಕ, ಒಟ್ಟು 5, ಅರ್ಜಿ ಬಿತ್ತು. ಅವನಿಗೆ ಬಿ1 ಓದುವುದೇ ಸರಿಯಾದ ದಾರಿ, ಆಗ ಭಾಷೆಗೆ 2 ಅಂಕ.

ಖರ್ಚಿಗೆ ತಿಂಗಳಿಗೆ 1,091 ಯೂರೋದಂತೆ (2025ರ ಲೆಕ್ಕ) ವರ್ಷಕ್ಕೆ 13,092 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ) ಇಡಬೇಕು. ಯೂರೋಗೆ 100 ರೂಪಾಯಿ ಹಿಡಿದರೂ 13 ಲಕ್ಷ ದಾಟುತ್ತದೆ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಮೀರಿ ಹೊರದೇಶಕ್ಕೆ ಕಳಿಸಿದ ಹಣದ ಮೇಲೆ ಬ್ಯಾಂಕ್ 20% ಟಿಸಿಎಸ್ (ಮೊದಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ, ಅಂದರೆ ಸುಮಾರು 62 ಸಾವಿರ ರೂಪಾಯಿ ಹೆಚ್ಚು ಬೇಕು. ರಿಟರ್ನ್ಸ್ ಸಲ್ಲಿಸಿದರೆ ಅದು ತೆರಿಗೆಗೆ ಹೊಂದುತ್ತದೆ ಅಥವಾ ಮರಳುತ್ತದೆ. ಜರ್ಮನ್ ಬಾರದೆ, ಸಾಲ ಮಾಡಿ ಈ ಕಾರ್ಡ್ ಮೇಲೆ ಹೋಗುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ವರ್ಕ್‌ಶಾಪಿನಲ್ಲಿ ಎ1 ಜರ್ಮನ್ ಎರಡು ದಿನಕ್ಕೂ ಸಾಲುವುದಿಲ್ಲ.

ಗಲ್ಫ್ ದಾರಿ ಭಟ್ಕಳ, ಹೊನ್ನಾವರದ ಮನೆಮನೆಗೂ ಗೊತ್ತು. ಆದರೂ ನಾಲ್ಕು ವಿಷಯ ನೋಡಿಕೊಳ್ಳಿ. ಒಂದು, ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ (ಎಮಿಗ್ರೇಶನ್ ತಪಾಸಣೆ ಬೇಕು ಎಂಬ) ಮುದ್ರೆ ಇದೆಯೇ? ಹತ್ತನೇ ತರಗತಿ ಪಾಸಾಗಿದ್ದರೆ ಅದು ತೆಗೆಸಬಹುದು. ಇದ್ದರೆ ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಶನ್ ಅನುಮತಿ ಕಡ್ಡಾಯ. ಎರಡು, ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನ ಪಟ್ಟಿಯಲ್ಲಿದೆಯೇ? ಲೈಸೆನ್ಸ್ ಇರುವವರೂ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಮೂರು, ವಿಸಿಟ್ ವೀಸಾದಲ್ಲಿ ಕಳಿಸಿ ‘ಅಲ್ಲಿ ಹೋದ ಮೇಲೆ ಬದಲಾಯಿಸೋಣ’ ಎನ್ನುವವರನ್ನು ಬಿಟ್ಟುಬಿಡಿ, ಅಲ್ಲಿ ಸಂಬಳ ಸಿಗದಿದ್ದರೆ ಕೇಳಲು ನಿಮ್ಮ ಕೈಲಿ ಕಾಗದವೇ ಇರುವುದಿಲ್ಲ. ನಾಲ್ಕು, ಒಪ್ಪಂದದಲ್ಲಿ ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು ಎಂದು ಬಿಡಿಸಿ ಓದಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಗ್ರಾಚ್ಯುಟಿ ಸಿಗುವುದು ಬೇಸಿಕ್ ಮೇಲೆ. 3,000 ದಿರಹಮ್‌ನಲ್ಲಿ ಬೇಸಿಕ್ 1,000 ಮಾತ್ರ ಇದ್ದರೆ ಕೊನೆಗೆ ಕೈಗೆ ಬರುವುದೂ ಅಷ್ಟಕ್ಕೇ.

ಇಸಿಆರ್ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಇದೆ: ಎರಡು ವರ್ಷಕ್ಕೆ 275 ರೂಪಾಯಿ, ರಕ್ಷಣೆ 10 ಲಕ್ಷದ್ದು. ಅದರ ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ.

ಎಂಜಿನಿಯರ್‌ಗಳಿಗೆ, ಐಟಿಯವರಿಗೆ

ಉನ್ನತ ಕೌಶಲದವರಿಗೆ ಜರ್ಮನಿ ಕೊಡುವ ಕೆಲಸದ ಪರವಾನಗಿಯಾದ ಬ್ಲೂ ಕಾರ್ಡ್‌ಗೆ 2026ರಲ್ಲಿ ವಾರ್ಷಿಕ ಸಂಬಳ 50,700 ಯೂರೋ ಇರಬೇಕು. ಎಂಜಿನಿಯರಿಂಗ್, ಐಟಿಯಂಥ ಕೊರತೆಯ ವೃತ್ತಿಗಳಿಗೆ 45,934.20 ಸಾಕು. ಪದವಿಯ ಮಾನ್ಯತೆಯನ್ನು ‘ಅನಾಬಿನ್’ ಡೇಟಾಬೇಸಿನಲ್ಲಿ ನೋಡಿ. ಅಲ್ಲಿ ಕಾಲೇಜಿನ ಹೆಸರಲ್ಲ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹುಡುಕಬೇಕು. ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರಾದರೆ ಬೆಳಗಾವಿಯ ವಿಟಿಯು. ಸಂಸ್ಥೆಯ ಮುಂದೆ ‘ಎಚ್ ಪ್ಲಸ್’ (ಮಾನ್ಯ ಸಂಸ್ಥೆ ಎಂಬ ಗುರುತು) ಇರಬೇಕು, ಪದವಿಯೂ ಪಟ್ಟಿಯಲ್ಲಿರಬೇಕು. ಪದವಿ ಕಾಣದಿದ್ದರೆ ವಿದೇಶಿ ಪದವಿಗಳನ್ನು ತೂಗುವ ಜರ್ಮನ್ ಕಚೇರಿ ಝೆಡ್‌ಎಬಿಯಿಂದ ಹೋಲಿಕೆ ಪತ್ರ ತರಿಸಿ, ಶುಲ್ಕ 208 ಯೂರೋ. ಪದವಿಯಿಲ್ಲದ ಐಟಿಯವರಿಗೂ ಕಳೆದ ಏಳು ವರ್ಷದಲ್ಲಿ ಮೂರು ವರ್ಷದ ತಕ್ಕ ಅನುಭವವಿದ್ದರೆ ಬ್ಲೂ ಕಾರ್ಡ್ ಇದೆ. ಬಿ1 ಜರ್ಮನ್ ಇದ್ದರೆ 21 ತಿಂಗಳಲ್ಲಿ, ಎ1 ಇದ್ದರೆ 27 ತಿಂಗಳಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸದ್ಯ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಾಯಂ ವಾಸಕ್ಕೆ ಅಂಕದ ಲೆಕ್ಕದಲ್ಲಿ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸಿನ ಅಂಕ 30 ತುಂಬಿದ ಮೇಲೆ ವರ್ಷವರ್ಷ ಇಳಿಯುತ್ತದೆ. ಜಾಬ್ ಆಫರ್‌ಗೆ ಕೊಡುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ, ಆದ್ದರಿಂದ ಆಫರ್ ಲೆಟರ್ ಮಾರುವವರಿಗೆ ಹಣ ಕೊಟ್ಟು ಅಂಕ ಏರುವುದಿಲ್ಲ. ಅಂಕ ಏರುವುದು ಐಇಎಲ್‌ಟಿಎಸ್ ಜನರಲ್‌ನಲ್ಲಿ: ಲಿಸನಿಂಗ್ 8, ಉಳಿದ ಮೂರೂ 7 ಬಂದರೆ ಕೆನಡಾದ ಭಾಷಾ ಅಳತೆಯಲ್ಲಿ ಸಿಎಲ್‌ಬಿ 9. ಒಂದರಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾದರೂ ಆ ಹಂತ ತಪ್ಪುತ್ತದೆ. ಪದವಿಯ ಮೌಲ್ಯಮಾಪನ ಐದು ವರ್ಷ, ಭಾಷಾ ಫಲಿತಾಂಶ ಎರಡು ವರ್ಷ ಚಾಲ್ತಿ. ಹಾಗಾಗಿ ಮೊದಲು ಮೌಲ್ಯಮಾಪನ, ನಂತರ ಪರೀಕ್ಷೆ. ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಹಾಕಲು 60 ದಿನ ಮಾತ್ರ.

ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ 2025ರ ಜುಲೈನಿಂದ 41,700 ಪೌಂಡ್, ಇಂಗ್ಲಿಷ್ 2026ರ ಜನವರಿ 8ರಿಂದ ಬಿ2. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್, ಅದೂ ಪೂರ್ಣ ಅವಧಿಗೆ ಮುಂಗಡ. ಕಂಪನಿಯ ಹೆಸರು ಬ್ರಿಟನ್ ಸರ್ಕಾರದ ಪ್ರಾಯೋಜಕರ ಪಟ್ಟಿಯಲ್ಲಿ ಇರಲೇಬೇಕು. ಆಸ್ಟ್ರೇಲಿಯಾದ ಅಂಕಪದ್ಧತಿಯ ವೀಸಾಕ್ಕೆ ಮೊದಲು ವೃತ್ತಿಯ ಸ್ಕಿಲ್ ಅಸೆಸ್‌ಮೆಂಟ್ ಆಗಬೇಕು, ವಯಸ್ಸು 45ರ ಒಳಗಿರಬೇಕು. ಅಮೆರಿಕದ ಎಚ್-1ಬಿ ವರ್ಷಕ್ಕೆ 85,000ಕ್ಕೆ ಸೀಮಿತ, ಜೊತೆಗೆ 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಘೋಷಣೆಯಾಯಿತು. ಅದನ್ನೊಂದೇ ನಂಬಿ ಕಾಯಬೇಡಿ.

ಅಡಿಕೆಯ ಹಣಕ್ಕೂ ಕಾಗದ ಬೇಕು

ಘಟ್ಟದ ಮೇಲಿನ ಮನೆಗಳಲ್ಲಿ ಅಡಿಕೆ ಮಾರಿದ ಹಣ ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ. ಅದು ನಮ್ಮ ಬದುಕಿನ ಸಹಜ ಕ್ರಮ. ವೀಸಾ ಅಧಿಕಾರಿಯ ಕಣ್ಣಿಗೆ ಮಾತ್ರ ಖಾಲಿಯಿದ್ದ ಖಾತೆಗೆ ಇದ್ದಕ್ಕಿದ್ದ ಹಾಗೆ ಬಂದು ಬಿದ್ದ ಎಂಟು ಲಕ್ಷ ಅನುಮಾನದ ಹಣ. ಕೆನಡಾ ಆರು ತಿಂಗಳ ಸರಾಸರಿ ಬಾಕಿ ನೋಡುತ್ತದೆ, ಒಬ್ಬರಿಗೆ 15,263 ಕೆನಡಿಯನ್ ಡಾಲರ್ (2025ರ ಲೆಕ್ಕ) ತೋರಿಸಬೇಕು, ಸಾಲದ ಹಣ ಒಪ್ಪುವುದಿಲ್ಲ. ಬ್ರಿಟನ್ 1,270 ಪೌಂಡ್ 28 ದಿನ ಅಲುಗದೆ ಇರುವುದನ್ನು ನೋಡುತ್ತದೆ. ಸೊಸೈಟಿಯ ಮಾರಾಟದ ಪಟ್ಟಿ, ತಂದೆಯ ಹೆಸರಿನ ಪಹಣಿ, ತಂದೆ ಮಗಳಿಗೆ ಕೊಟ್ಟದ್ದೆಂಬ ದಾನಪತ್ರ, ಇವುಗಳ ಇಂಗ್ಲಿಷ್ ಅನುವಾದ, ನಾಲ್ಕನ್ನೂ ಒಟ್ಟಿಗೆ ಲಗತ್ತಿಸಿ. ಹಣ ಒಂದೇ ಸಲ ತಂದೆಯ ಖಾತೆಯಿಂದ ನಿಮ್ಮ ಖಾತೆಗೆ ಬರಲಿ, ನಡುವೆ ಅಣ್ಣ, ಭಾವ, ಚಿಕ್ಕಪ್ಪನ ಖಾತೆಗಳನ್ನು ಸುತ್ತಬಾರದು.

ಕೊನೆಯ ಹಂತ

ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪರೀಕ್ಷೆ ಎರಡನ್ನೂ ಕೊನೆಗೆ ಮಾಡಿಸಿ. ಬ್ರಿಟನ್‌ಗೆ ಬೇಕಾದ ಟಿಬಿ ಸರ್ಟಿಫಿಕೇಟ್ ಆರೇ ತಿಂಗಳು ಚಾಲ್ತಿ.

ಬೆಂಗಳೂರಿನ ಬಯೊಮೆಟ್ರಿಕ್ ದಿನ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ಎರಡು ದಿನ ಮೊದಲೇ ಹೊರಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಗಿತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟಗಳನ್ನೂ ಮಳೆಗಾಲದಲ್ಲಿ ನಂಬುವಂತಿಲ್ಲ, ಪಂಚಗಂಗಾ ಎಕ್ಸ್‌ಪ್ರೆಸ್ ಹಾಯುವ ಸಕಲೇಶಪುರ ಘಟ್ಟವೂ ಅಷ್ಟೇ. ತಪ್ಪಿದ ಅಪಾಯಿಂಟ್‌ಮೆಂಟ್ ಮತ್ತೆ ಸಿಗಲು ವಾರಗಳು ಹಿಡಿಯಬಹುದು. ಮೂಲ ದಾಖಲೆಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ.

ವೀಸಾ ನಿರಾಕರಣೆಯಾದರೆ ಪತ್ರದಲ್ಲಿರುವ ಕಾರಣದ ಸಾಲನ್ನು ಮೊದಲು ಓದಿ. ಜರ್ಮನಿ 2025ರ ಜುಲೈ 1ರಿಂದ ಕಾನ್ಸುಲೇಟಿಗೆ ಮರುಪರಿಶೀಲನೆ ಕೇಳುವ ವ್ಯವಸ್ಥೆಯನ್ನು ನಿಲ್ಲಿಸಿದೆ. ಉಳಿದದ್ದು ಎರಡೇ, ಅಲ್ಲಿಯ ನ್ಯಾಯಾಲಯ ಅಥವಾ ಹೊಸ ಅರ್ಜಿ. ಹೊಸ ಅರ್ಜಿಯೇ ಅಗ್ಗ, ಬೇಗ. ಆದರೆ ಅದೇ ಕಾಗದಗಳನ್ನು ಅದೇ ಕ್ರಮದಲ್ಲಿ ಮತ್ತೆ ಕೊಡಬೇಡಿ. ಯಾವ ಸಾಲಿಗೆ ಅವರು ಒಪ್ಪಲಿಲ್ಲವೋ ಅದಕ್ಕೆ ಒಂದು ಹೊಸ ದಾಖಲೆ ಸೇರಿಸಿ, ಹಳೆಯ ನಿರಾಕರಣೆಯನ್ನು ಫಾರ್ಮಿನಲ್ಲಿ ಮುಚ್ಚಿಡದೆ ಬರೆದು, ಆಮೇಲೆ ದಿನಾಂಕ ಬುಕ್ ಮಾಡಿ.